ಬೊಂಬಾಯಿ ಚಾಳಲ್ಲಿ ಬದುಕು ಹೇಗಿತ್ತು? ಊರವ್ರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಲಾಲ್‌ಬಾಗ್‌ನ ಒಂದು ಚಾಳಲ್ಲಿ. ಬೆಂಗಳೂರಿನ ಲಾಲ್‌ಬಾಗ್ ಅಲ್ಲ ಮಾರಾಯ್ರೆ, ಮುಂಬೈದು, ಇಲ್ಲಿ ಹೂವಿನ ತೋಟ ಎಂತದೂ ಇಲ್ಲ, ಇದ್ದದ್ದು ಗಿರಣಿ ಚಿಮಣಿ. ಊರಿಗೆ ಹೋದಾಗೆಲ್ಲ ಯಾರಾದ್ರೂ ಒಬ್ರು ಕೇಳಿಯೇ ಕೇಳ್ತಾರೆ, ಅಷ್ಟು ಚಿಕ್ಕ ರೂಮಲ್ಲಿ ಹೇಗೆ ಇದ್ರಿ, ನೀರಿಗೆ ಎಂತ ಮಾಡ್ತಿದ್ರಿ, ಹೊತ್ತು ಹೇಗೆ ಹೋಗ್ತಿತ್ತು ಅಂತ. ಈಗ ಮಕ್ಕಳೂ ಅದೇ ಕೇಳೋಕೆ ಶುರು ಮಾಡಿದ್ದಾವೆ. ಪ್ರತಿ ಸಲ ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಕಣ್ಣಾರೆ ಕಂಡದ್ದು 60, 70, 80ರ ದಶಕದ್ದು, ಅದಕ್ಕಿಂತ ಹಿಂದಿನದ್ದು ಓದಿ, ದೊಡ್ಡವರ ಬಾಯಲ್ಲಿ ಕೇಳಿ ತಿಳ್ಕೊಂಡದ್ದು.

ಚಾಳ್ ಅಂದ್ರೆ ಸ್ಲಮ್ಮಾ?

ಅಲ್ಲ. ಸ್ಲಮ್ಮನ್ನ ಜನ ತಾವೇ ತಗಡು, ಹಲಗೆ ತಂದು ಕಟ್ಕೊಳ್ತಾರೆ, ಚಾಳನ್ನ ಬಾಡಿಗೆಗೆ ಕೊಡ್ಲಿಕ್ಕೆ ಅಂತಲೇ ಮಾಲೀಕನೋ ಸರ್ಕಾರವೋ ಕಟ್ಟಿಸಿದ್ದು. ಎರಡು, ಮೂರು, ನಾಲ್ಕು ಮಹಡಿ, ಪ್ರತಿ ಮಹಡಿಲೂ ಸಾಲಾಗಿ ರೂಮು, ರೂಮಿನ ಎದುರು ಉದ್ದಕ್ಕೆ ಒಂದು ಗ್ಯಾಲರಿ, ಕೊನೆಗೆ ಎಲ್ರಿಗೂ ಸೇರಿ ನಲ್ಲಿ ಮತ್ತೆ ಕಕ್ಕಸು. ಒಂದು ಸಂಸಾರಕ್ಕೆ ಒಂದು ರೂಮು, ಅಷ್ಟೇ. ಅದರಲ್ಲೇ ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ಎರಡಡಿ ಕಟ್ಟೆ ಕಟ್ಟಿದ ಮೋರಿ. ನಮ್ಮ ಕಡೆ ಮೋರಿ ಅಂದ್ರೆ ಚರಂಡಿ, ಮರಾಠಿಯಲ್ಲಿ ಅದು ಬಚ್ಚಲು. ಊರಿಂದ ಬಂದ ನಮ್ಮ ಅತ್ತೆ ಒಬ್ರು "ಮೋರಿಯಲ್ಲಿ ಪಾತ್ರೆ ತೊಳೀತಾರಂತೆ" ಅಂತ ಕೇಳಿ ಎರಡು ದಿನ ಊಟವೇ ಸರಿಯಾಗಿ ಮಾಡ್ಲಿಲ್ಲ.

ಇವನ್ನ ಕಟ್ಟಿದ್ದು ಯಾರು, ಯಾಕೆ?

ಬೊಂಬಾಯಿಯ ಮೊದಲ ಹತ್ತಿ ಗಿರಣಿಗೆ ಅಡಿಪಾಯ ಬಿದ್ದದ್ದು 1854ರಲ್ಲಿ, ಕಾವಸ್‌ಜಿ ದಾವರ್ ಅಂತ ಒಬ್ಬ ಪಾರ್ಸಿ ಶುರು ಮಾಡಿದ್ದು, ತಾಡದೇವ್‌ನಲ್ಲಿ. ಆಮೇಲೆ ಒಂದರ ಹಿಂದೆ ಒಂದು ಗಿರಣಿ ಎದ್ದು ಪರಳ್, ಲಾಲ್‌ಬಾಗ್, ವರ್ಲಿ, ಬೈಕುಲಾ ಸುತ್ತಮುತ್ತ ಎಲ್ಲ ಗಿರಣಗಾಂವ್ ಅಂತಲೇ ಹೆಸರಾಯ್ತು, ಅಂದ್ರೆ ಗಿರಣಿಗಳ ಊರು. ರತ್ನಾಗಿರಿ, ಸಾತಾರಾ, ಕೊಲ್ಹಾಪುರ ಕಡೆಯಿಂದ ಜನ ಬಂದ್ರು, ಅವ್ರಿಗೆ ಇರ್ಲಿಕ್ಕೆ ಜಾಗ ಬೇಕಲ್ಲ, ದುಡ್ಡಿದ್ದವ್ರು ಮರದ ಕಂಬ, ಹಂಚಿನ ಮಾಡು ಹಾಕಿ ಚಾಳ್ ಕಟ್ಟಿ ಬಾಡಿಗೆಗೆ ಬಿಟ್ರು. ಗಾಳಿ ಬೆಳಕಿನ ಲೆಕ್ಕ ಯಾರೂ ಇಟ್ಟಿರ್ಲಿಲ್ಲ. 1896ರಲ್ಲಿ ಪ್ಲೇಗ್ ಬಂದು ಊರಿಗೆ ಊರೇ ಖಾಲಿ ಆದ ಮೇಲೆ ಸರ್ಕಾರಕ್ಕೆ ಎಚ್ಚರ ಆಯ್ತು, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ತು, ಅವ್ರು ಕಟ್ಟಿದ್ದಕ್ಕೆ ಬಿಐಟಿ ಚಾಳ್ ಅಂತಾರೆ. ಪರಳ್‌ನ ಬಿಐಟಿ ಚಾಳಲ್ಲೇ ಅಂಬೇಡ್ಕರ್ ಅವ್ರು ಸುಮಾರು 20 ವರ್ಷ ಇದ್ದದ್ದು, ಹೊರದೇಶಕ್ಕೆ ಓದ್ಲಿಕ್ಕೆ ಹೋಗಿ ಬಂದು ಮತ್ತೆ ಅಲ್ಲಿಗೇ ಬಂದ್ರು, ಆಮೇಲೆ ದಾದರ್‌ನಲ್ಲಿ ರಾಜಗೃಹ ಅಂತ ಸ್ವಂತ ಮನೆ ಕಟ್ಟಿಸಿದ್ದು.

ಮತ್ತೆ 1920ರ ದಶಕದಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಬಿಡಿಡಿ ಚಾಳ್, ಅಂದ್ರೆ ಸರ್ಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿಸಿದ್ದು. ವರ್ಲಿಯಲ್ಲಿ 121, ನಾಯಗಾಂವ್‌ನಲ್ಲಿ 42, ಡಿಲೈಲ್ ರೋಡಲ್ಲಿ 32, ಶಿವ್ಡಿಯಲ್ಲಿ 12, ಒಟ್ಟು 207 ಕಟ್ಟಡ, ಒಂದೊಂದರಲ್ಲಿ 80 ರೂಮು, ಒಂದೊಂದು ರೂಮು 160 ಚದರಡಿ. ಎಲ್ಲ ಕಾಂಕ್ರೀಟು. ಇಲ್ಲಿ ಗ್ಯಾಲರಿ ಇಲ್ಲ, ಮಧ್ಯದಲ್ಲಿ ಕತ್ತಲೆ ಕತ್ತಲೆ ಪ್ಯಾಸೇಜು, ಎರಡೂ ಕಡೆ ಹತ್ತತ್ತು ಬಾಗಿಲು. ಶುರುವಲ್ಲಿ ಇದಕ್ಕೆ ಜನವೇ ಬರ್ಲಿಲ್ಲ, ಎಷ್ಟೋ ರೂಮು ಖಾಲಿ ಬಿದ್ದಿತ್ತು, 1930ರ ಕಾನೂನು ಭಂಗ ಚಳವಳಿ ಟೈಮಲ್ಲಿ ವರ್ಲಿಯ ಕೆಲವು ಕಟ್ಟಡಗಳನ್ನ ಜೈಲ್ ಮಾಡಿದ್ರು. ಜೈಲಿಗೆ ಆಗುವಂಥ ಮನೆ ಅಂದ್ರೆ ನೀವೇ ಲೆಕ್ಕ ಹಾಕಿ.

ಬೆಂಗಳೂರು, ಮೈಸೂರಿನ ವಠಾರಕ್ಕೂ ಇದಕ್ಕೂ ಎಂತ ವ್ಯತ್ಯಾಸ?

ವಠಾರಕ್ಕೆ ನಡುವೆ ಒಂದು ಅಂಗಳ ಇರ್ತದೆ, ಮಾಲೀಕರು ಹೆಚ್ಚಾಗಿ ಅಲ್ಲೇ ಎದುರು ಮನೆಯಲ್ಲಿ ಇರ್ತಾರೆ, ಮನೆ ಎಷ್ಟು ಚಿಕ್ಕದಾದ್ರೂ ಅಡುಗೆ ಮನೆ ಅಂತ ಒಂದು ಗೋಡೆ ಇರ್ತದೆ. ಚಾಳಲ್ಲಿ ಅದೆಲ್ಲ ಇಲ್ಲ. ಮತ್ತೆ ಲೆಕ್ಕವೇ ಬೇರೆ, ವಠಾರ ಅಂದ್ರೆ ಹತ್ತು ಹದಿನೈದು ಮನೆ, ಇಲ್ಲಿ ಒಂದು ಬಿಲ್ಡಿಂಗಲ್ಲೇ ಒಂದು ಹಳ್ಳಿ. ಜಗಳ ಮಾತ್ರ ಎರಡೂ ಕಡೆ ಒಂದೇ: ನೀರು, ಒಗೆದ ಬಟ್ಟೆ ಒಣಗ್ಸೋ ಹಗ್ಗ, ಮಕ್ಕಳ ಬಾಲು.

ಒಂದು ರೂಮಲ್ಲಿ ಎಷ್ಟು ಜನ ಇರ್ತಿದ್ರು?

ನಮ್ಮ ಮನೆಯಲ್ಲಿ ಏಳು. ಅಪ್ಪಯ್ಯ, ಅಮ್ಮ, ನಾವು ಮೂರು ಮಕ್ಕಳು, ಚಿಕ್ಕಪ್ಪ, ಮತ್ತೆ ಊರಿಂದ ಕೆಲ್ಸ ಹುಡುಕ್ಕೊಂಡು ಬಂದವ್ರು ಯಾರಾದ್ರೂ ಒಬ್ರು. ಆ ಒಬ್ರು ಬದಲಾಗ್ತಿದ್ರು, ಜಾಗ ಮಾತ್ರ ಖಾಲಿ ಇರ್ತಿರ್ಲಿಲ್ಲ. ಹಾಸಿಗೆ ಬೆಳಗ್ಗೆ ಸುತ್ತಿ ಅಟ್ಟಕ್ಕೆ, ಬಟ್ಟೆ ಟ್ರಂಕಲ್ಲಿ, ಟ್ರಂಕು ಮಂಚದಡಿ, ಮಂಚದ ಮೇಲೆ ಹಗಲು ಕೂತ್ಕೊಳ್ಳೋದು ರಾತ್ರಿ ಅಪ್ಪಯ್ಯ ಮಲಗೋದು, ಮಂಚದ ಕೆಳಗೆ ನಾವು. ಚಿಕ್ಕಪ್ಪ ಗ್ಯಾಲರಿಯಲ್ಲಿ. ಬೇಸಿಗೆಯಲ್ಲಿ ಗಂಡಸರೆಲ್ಲ ಗ್ಯಾಲರಿ, ಟೆರೇಸು, ಫುಟ್‌ಪಾತು, ಕೈಗಾಡಿ ಮೇಲೆ ಮಲಗೋರು, ಜೂನಲ್ಲಿ ಮಳೆ ಹಿಡೀತು ಅಂದ್ರೆ ಎಲ್ರೂ ಒಳಗೆ, ಆವಾಗ ನೋಡ್ಬೇಕಿತ್ತು, ರಾತ್ರಿ ಎದ್ದು ಮೋರಿಗೆ ಹೋಗ್ಬೇಕಾದ್ರೆ ಯಾರದ್ದಾದ್ರೂ ಕಾಲು ತುಳಿಯದೆ ಹೋಗ್ಲಿಕ್ಕೆ ಆಗ್ತಿರ್ಲಿಲ್ಲ.

ಇದು ಸಂಸಾರಸ್ಥರ ಲೆಕ್ಕ. ಒಂಟಿ ಗಂಡಸರದ್ದು ಇನ್ನೂ ವಿಚಿತ್ರ. ಗಿರಣಿಗೆ ಬಂದವ್ರಲ್ಲಿ ತುಂಬ ಜನ ಹೆಂಡತಿ ಮಕ್ಕಳನ್ನ ಕೊಂಕಣದ ಹಳ್ಳಿಯಲ್ಲೇ ಬಿಟ್ಟು ಬಂದವ್ರು. ಒಂದೇ ಹಳ್ಳಿಯ ಇಪ್ಪತ್ತು ಮೂವತ್ತು ಜನ ಸೇರಿ ಒಂದು ರೂಮು ಹಿಡೀತಿದ್ರು, ಅದಕ್ಕೆ ಗಾಳಾ ಅಂತಿದ್ರು. ಇಪ್ಪತ್ತು ಜನ ಹೇಗೆ ಹಿಡೀತಾರೆ ಅಂತ ಕೇಳ್ಬೇಡಿ, ಒಟ್ಟಿಗೆ ಇರ್ತಿರ್ಲಿಲ್ಲ, ಪಾಳಿ ಇತ್ತಲ್ಲ, ಒಬ್ಬ ಗಿರಣಿಗೆ ಹೊರಡುವಾಗ ಇನ್ನೊಬ್ಬ ಬಂದು ಅದೇ ಜಾಗದಲ್ಲಿ ಚಾಪೆ ಹಾಸೋದು, ನೆಲ ತಣ್ಣಗಾಗೋಕೆ ಪುರುಸೊತ್ತೇ ಇಲ್ಲ. ಗೋಡೆ ತುಂಬ ಮೊಳೆ, ಮೊಳೆಗೊಂದು ಚೀಲ, ಹಲಗೆ ಮೇಲೆ ಹೆಸರು ಬರೆದ ಟ್ರಂಕು. ಹಳ್ಳಿಯ ದೇವಸ್ಥಾನಕ್ಕೆ ದುಡ್ಡು, ಯಾರಾದ್ರೂ ಸತ್ರೆ ಖರ್ಚು, ಎಲ್ಲದರ ಲೆಕ್ಕದ ಪುಸ್ತಕ ಅಲ್ಲೇ. ಗೋವಾದ ಕ್ರಿಶ್ಚಿಯನ್ನರದ್ದೂ ಹೀಗೇ ಇತ್ತು, ಅದಕ್ಕೆ ಕುಡ್ಡ್ ಅಂತಾರೆ, ಹಡಗಲ್ಲಿ ಕೆಲ್ಸ ಮಾಡೋರು ಊರಿಗೂ ಹಡಗಿಗೂ ನಡುವೆ ಬಂದು ತಂಗೋ ಜಾಗ, ಸಾಯಂಕಾಲ ಎಲ್ರೂ ಪ್ರಾರ್ಥನೆಗೆ ಕೂರ್ಲೇಬೇಕು ಅಂತ ಕಟ್ಟುನಿಟ್ಟು.

ನೀರು, ಕಕ್ಕಸು?

ನೀರು ಬೆಳಗಿನ ಜಾವ ಬರ್ತಿತ್ತು, ಒಂದೆರಡು ಗಂಟೆ. ಅಮ್ಮ 4ಕ್ಕೆ ಏಳ್ತಿದ್ರು, ಕೊಡ ಸಾಲಲ್ಲಿ ಇಟ್ಟು ಬಂದು ಮಲಗಿದ್ರೆ ಕೊಡ ಹಿಂದೆ ಹೋಗಿರ್ತಿತ್ತು, ಹಾಗಾಗಿ ಅಲ್ಲೇ ನಿಂತಿರ್ಬೇಕು. ಹಂಡೆ, ಬಕೆಟು, ಡಬ್ಬ, ಕಡೆಗೆ ಚೊಂಬನ್ನೂ ತುಂಬಿಸಿಡೋದು. ಅದರ ಜೊತೆಗೆ ಹಾಲಿನ ಕ್ಯೂ, ಆರೇ ಅನ್ನೋ ಸರ್ಕಾರಿ ಡೇರಿಯ ಬೂತಿನ ಕಾರ್ಡ್ ಹಿಡ್ಕೊಂಡು ಗಾಜಿನ ಬಾಟ್ಲಿ ತರೋದು, ಅದು ನನ್ನ ಕೆಲ್ಸ. ಸೀಮೆಎಣ್ಣೆ ಕ್ಯೂ ಅಣ್ಣಂದು, ಆದ್ರೆ ಅಣ್ಣ ಕ್ರಿಕೆಟ್ ಇದ್ದ ದಿನ ನಾಪತ್ತೆ, ಆವಾಗ ಅದೂ ನಂದೇ.

ಕಕ್ಕಸು ಹೇಳೋದಕ್ಕೇ ಬೇಜಾರು. ಒಂದು ಮಹಡಿಗೆ ನಾಲ್ಕೈದು, ಬಾಗಿಲು ಒಂದಕ್ಕೆ ಇದ್ರೆ ಇನ್ನೊಂದಕ್ಕೆ ಇಲ್ಲ, ಡಬ್ಬ ಹಿಡ್ಕೊಂಡು ಸಾಲು. ನಮಗಿಂತ ಹಿಂದಿನ ಕಾಲದಲ್ಲಿ ಎಷ್ಟೋ ಹಳೆ ಚಾಳುಗಳಲ್ಲಿ ಬುಟ್ಟಿ ಕಕ್ಕಸು ಇತ್ತು, ಎರಡು ಕಟ್ಟಡದ ನಡುವಿನ ಸಂದಿಯಿಂದ ಬಂದು ಮುನಿಸಿಪಾಲಿಟಿಯ ಸಫಾಯಿಯವ್ರು ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ರು. ಚಾಳ್ ಬದುಕು ಎಷ್ಟು ಚೆಂದ ಇತ್ತು ಅಂತ ಹೇಳೋರು ಈ ಸಂದಿಯ ಮಾತು ಎತ್ತೋದೇ ಇಲ್ಲ.

ಜಾತಿ ಗೀತಿ ಇತ್ತಾ, ಎಲ್ರೂ ಒಟ್ಟಿಗೆ ಇದ್ರಾ?

ಎಲ್ರೂ ಒಂದೇ ಅಂತ ಈಗ ಹೇಳ್ತಾರೆ. ಹಾಗೇನಿಲ್ಲ. ಬಿಡಿಡಿಯಲ್ಲಿ ಯಾವ ಜಾತಿಯವ್ರದ್ದು ಯಾವ ಬಿಲ್ಡಿಂಗು ಅಂತ ಕೇಳಿದ್ರೆ ಚಿಕ್ಕ ಮಕ್ಕಳೂ ಹೇಳ್ತಿದ್ದವು, 1974ರ ಜನವರಿಯಲ್ಲಿ ವರ್ಲಿ ಬಿಡಿಡಿಯಲ್ಲಿ ದಲಿತ ಯುವಕರ ಸಂಘಟನೆ ದಲಿತ್ ಪ್ಯಾಂಥರ್ ಮತ್ತು ಶಿವಸೇನೆಯವ್ರ ನಡುವೆ ದೊಡ್ಡ ಗಲಾಟೆಯೇ ಆಯ್ತು. ಗಿರಣಿ ಒಳಗೂ ಅಷ್ಟೇ. ನೇಯ್ಗೆ ಖಾತೆಯಲ್ಲಿ ಸಂಬಳ ಜಾಸ್ತಿ, ಆದ್ರೆ ಅಲ್ಲಿಗೆ ದಲಿತರನ್ನ ಬಿಡ್ತಿರ್ಲಿಲ್ಲ, ಯಾಕಂದ್ರೆ ಹೊಸ ನೂಲು ಹಾಕುವಾಗ ಲಾಳಿಯ ತೂತಿಂದ ಬಾಯಲ್ಲೇ ಎಳೀಬೇಕಿತ್ತು, ಅವ್ರು ಬಾಯಿ ಇಟ್ಟ ಲಾಳಿಗೆ ನಾವು ಬಾಯಿ ಇಡೋದಿಲ್ಲ ಅಂತ ಉಳಿದವ್ರು. 1928ರ ಮುಷ್ಕರದಲ್ಲಿ ಅಂಬೇಡ್ಕರ್ ಇದನ್ನೇ ಎತ್ತಿ ಹೇಳಿದ್ದು.

ಒಂಟಿ ಗಂಡಸರು ಊಟಕ್ಕೆ ಎಂತ ಮಾಡ್ತಿದ್ರು?

ಖಾನಾವಳಿ. ಹುಬ್ಬಳ್ಳಿ, ಧಾರವಾಡದವ್ರಿಗೆ ಈ ಶಬ್ದ ಬಿಡಿಸಿ ಹೇಳ್ಬೇಕಿಲ್ಲ. ಆದ್ರೆ ಇಲ್ಲಿ ಬೋರ್ಡ್ ಹಾಕಿದ ಹೋಟೆಲಲ್ಲ, ಅದೇ ಚಾಳಿನ ಒಂದು ರೂಮಲ್ಲಿ ಒಬ್ಬ ಹೆಂಗಸು ತನ್ನ ಮನೆಯವ್ರ ಜೊತೆಗೆ ಹತ್ತೋ ಇಪ್ಪತ್ತೋ ಗಂಡಸರಿಗೆ ಎರಡೂ ಹೊತ್ತು ಭಾಕ್ರಿ, ಪಲ್ಯ, ಆಮ್ಟಿ, ವಾರಕ್ಕೊಮ್ಮೆ ಮೀನು ಮಾಡಿ ಹಾಕೋದು. ದುಡ್ಡು ಪಗಾರದ ದಿನ. ಮೂರು ಪಾಳಿಯವ್ರಿಗೂ ಊಟ ಅಂದ್ರೆ ಅವಳ ಒಲೆ ಆರೋದೇ ಇಲ್ಲ. ಅಕ್ಕಿ, ಹಿಟ್ಟು ತರೋದಕ್ಕೆ ಬಡ್ಡಿ ಸಾಲ, ಗಿರಣಿ ನಿಂತ್ರೆ ಊಟ ಮಾಡಿದವ್ನು ಊರಿಗೆ, ಸಾಲ ಇವಳ ತಲೆಗೆ. 1975ರಲ್ಲಿ ಪ್ರೇಮಾ ಪುರಾವ್ ಅನ್ನೋರು ಇಂಥ ಹೆಂಗಸರನ್ನೇ ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ರು, ಬ್ಯಾಂಕಿಂದ ಸಾಲ ಕೊಡಿಸಿದ್ರು. ಗಿರಣಿಯ ಚರಿತ್ರೆ ಬರೆಯುವಾಗ ಮಗ್ಗ ಎಷ್ಟು, ಸ್ಪಿಂಡಲ್ ಎಷ್ಟು ಅಂತ ಬರೀತಾರಲ್ಲ, ಈ ಭಾಕ್ರಿ ಎಷ್ಟು ಅಂತಲೂ ಯಾರಾದ್ರೂ ಲೆಕ್ಕ ಹಾಕ್ಬೇಕಿತ್ತು.

ಕೆಲ್ಸ ಮುಗಿಸಿ ಪುರುಸೊತ್ತಲ್ಲಿ ಎಂತ ಮಾಡ್ತಿದ್ರು?

ಯಾರ ಪುರುಸೊತ್ತು ಅಂತ ಮೊದ್ಲು ಕೇಳ್ಬೇಕು. ಗಂಡಸರದ್ದಾ, ಹೆಂಗಸರದ್ದಾ?

ಗಂಡಸರದ್ದು ಭೋಂಗಾ ನೋಡಿ. ಭೋಂಗಾ ಅಂದ್ರೆ ಗಿರಣಿಯ ಕೂಗು, ಮನೆಯಲ್ಲಿ ಗಡಿಯಾರ ಇಲ್ದಿದ್ರೂ ನಡೀತಿತ್ತು. ಮೊದಲ ಪಾಳಿ ಬೆಳಗ್ಗೆ 7ಕ್ಕೆ, ಎರಡನೆಯದ್ದು ಮಧ್ಯಾಹ್ನ ಮೂರೂವರೆಗೆ, ಮೂರನೆಯದ್ದು ನಡುರಾತ್ರಿಗೆ. ಮೊದಲ ಪಾಳಿ ಮುಗಿಸಿ ಬಂದವ್ರಿಗೆ ಸಾಯಂಕಾಲ ಇಡೀ ಅವರದ್ದೇ. ಸ್ನಾನ ಮಾಡಿ, ಬಿಳಿ ಪೈಜಾಮ ಹಾಕಿ, ಗ್ಯಾಲರಿಯ ಕಟಕಟೆಗೆ ಒರಗಿ ನಿಂತು ಬೀಡಿ, ಕೆಳಗೆ ರಸ್ತೆಯಲ್ಲಿ ಹೋಗೋರನ್ನ ನೋಡೋದು. ಕೇರಂ ಬೋರ್ಡಿನ ಮೇಲೆ ಒಂದು ಬಲ್ಬು ಎಳೆದು ರಾತ್ರಿ ಹನ್ನೊಂದರ ತನಕ ಟಕ್ ಟಕ್. ಇಸ್ಪೀಟು. ಪೇಪರು ಒಬ್ಬ ಜೋರಾಗಿ ಓದೋದು, ಹತ್ತು ಜನ ಕೇಳೋದು.

ವ್ಯಾಯಾಮಶಾಲೆ, ಕಬಡ್ಡಿ ಅಂದ್ರೆ ಹುಚ್ಚು. ಲಾಲ್‌ಬಾಗ್, ಪರಳ್‌ನಲ್ಲಿ ಗಲ್ಲಿಗೊಂದು ಕಬಡ್ಡಿ ಟೀಮು, ಗಿರಣಿಗಳದ್ದೂ ಟೀಮ್ ಇರ್ತಿತ್ತು, ಚೆನ್ನಾಗಿ ಆಡಿದವ್ನಿಗೆ ಅಲ್ಲೇ ನೌಕರಿ. ಭಜನಾ ಮಂಡಳಿಯೂ ಹಾಗೇ, ಡಬಲ್ ಬಾರಿ ಅಂತ ಇಬ್ರು ಬುವಾಗಳನ್ನ, ಅಂದ್ರೆ ಮುಖ್ಯ ಭಜನೆಕಾರರನ್ನ, ಎದುರುಬದುರು ಕೂರಿಸಿ ರಾತ್ರಿ ಇಡೀ ಸವಾಲು ಜವಾಬು. ನಮ್ಮ ತಾಳಮದ್ದಳೆ ಕೇಳಿದವ್ರಿಗೆ ಇದರ ಮಜಾ ಗೊತ್ತಾಗ್ತದೆ, ಭಕ್ತಿ ಸ್ವಲ್ಪ, ಕಾಲೆಳೆಯೋದು ಜಾಸ್ತಿ. ಕೊಂಕಣದವ್ರ ದಶಾವತಾರ, ಬಾಲ್ಯಾ ನಾಚ್, ಘಾಟಿನ ಮೇಲಿನವ್ರ ತಮಾಷಾ, ಲಾವಣಿ, ಅದಕ್ಕೆ ಲಾಲ್‌ಬಾಗ್‌ನಲ್ಲಿ ಹನುಮಾನ್ ಥಿಯೇಟರ್ ಅಂತ ಇತ್ತು. ಕಾರ್ಮಿಕರೇ ನಾಟಕ ಬರೆದು ಆಡೋರು, ಪರಳ್‌ನ ದಾಮೋದರ್ ಹಾಲ್ ಅದಕ್ಕೆ ಹೆಸರುವಾಸಿ. ಅದು ಕಾರ್ಮಿಕ ಮುಖಂಡ ಎನ್. ಎಂ. ಜೋಶಿಯವ್ರು 1911ರಲ್ಲಿ ಶುರು ಮಾಡಿದ ಸೋಷಿಯಲ್ ಸರ್ವಿಸ್ ಲೀಗಿನದ್ದು, ಅವ್ರು ರಾತ್ರಿ ಶಾಲೆ, ಲೈಬ್ರರಿ ಎಲ್ಲ ನಡೆಸ್ತಿದ್ರು, ಡಿಲೈಲ್ ರೋಡಿಗೆ ಈಗ ಅವರದ್ದೇ ಹೆಸರು.

ರಾಜಕೀಯವೂ ಇದೇ ಪುರುಸೊತ್ತಲ್ಲೇ. ಅಣ್ಣಾಭಾವು ಸಾಠೆ, ಅಮರ್ ಶೇಖ್, ಗವಾಣಕರ್ ಸೇರಿ 1944ರಲ್ಲಿ ಲಾಲ್ ಬಾವ್ಟಾ ಕಲಾಪಥಕ, ಅಂದ್ರೆ ಕೆಂಪು ಬಾವುಟದ ಕಲಾ ತಂಡ, ಅಂತ ಕಟ್ಟಿದ್ರು, ಚಾಳಿನ ಅಂಗಳದಲ್ಲಿ ಡಫ್ ಬಾರಿಸಿ ಹಾಡಿದ್ರೆ ಮೂರು ಮಹಡಿ ಗ್ಯಾಲರಿಯೂ ಬಾಲ್ಕನಿ ಸೀಟೇ. ಬೊಂಬಾಯಿ ಸೇರಿಸಿ ಮರಾಠಿ ರಾಜ್ಯ ಬೇಕು ಅನ್ನೋ ಸಂಯುಕ್ತ ಮಹಾರಾಷ್ಟ್ರ ಚಳವಳಿಗೆ ಗಿರಣಗಾಂವ್ ಎದ್ದು ನಿಂತದ್ದರಲ್ಲಿ ಈ ಹಾಡುಗಳ ಪಾಲು ತುಂಬ ದೊಡ್ಡದು.

ಕುಡಿತ, ಜೂಜು?

ಇತ್ತು, ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ. 1949ರ ಪಾನನಿಷೇಧ ಕಾನೂನು ಬಂದ ಮೇಲೆ ಕುಡಿಯೋದು ನಿಲ್ಲಲಿಲ್ಲ, ಅಂಗಡಿಯಿಂದ, ಮನೆಯಲ್ಲೇ ಕದ್ದು ಸಾರಾಯಿ ಮಾರೋ ಆಂಟಿಗಳ ಅಡ್ಡಾಗೆ ಹೋಯ್ತು ಅಷ್ಟೇ. ಮಟ್ಕಾ ಅಂತೂ ಗಿರಣಿಯವ್ರ ನಡುವೆಯೇ ಬೆಳೆದದ್ದು. ಮೊದಲಿಗೆ ನ್ಯೂಯಾರ್ಕ್ ಹತ್ತಿ ಬಜಾರಿನ ಓಪನ್, ಕ್ಲೋಸ್ ರೇಟಿನ ಮೇಲೆ ಆಡ್ತಿದ್ರು, 1962ರಲ್ಲಿ ಕಲ್ಯಾಣ್‌ಜಿ ಭಗತ್, ಆಮೇಲೆ ರತನ್ ಖತ್ರಿ ತಮ್ಮದೇ ನಂಬರ್ ತೆಗೀಲಿಕ್ಕೆ ಶುರು ಮಾಡಿದ್ರು. ಹತ್ತಿಯಿಂದಲೇ ಸಂಬಳ, ಹತ್ತಿಯಿಂದಲೇ ಶುರುವಾದ ಆಟಕ್ಕೆ ಆ ಸಂಬಳ. ಪಗಾರದ ದಿನ ಗಿರಣಿ ಗೇಟಲ್ಲಿ ಬಡ್ಡಿಯ ಪಠಾಣನೂ ನಿಂತಿರ್ತಿದ್ದ, ಕೆಲವು ಹೆಂಗಸರೂ ನಿಂತಿರ್ತಿದ್ರು, ಯಾರು ಮೊದ್ಲು ಹಿಡೀತಾರೆ ಅಂತ.

ಹೆಂಗಸರ ಪುರುಸೊತ್ತು?

ಇದನ್ನ ಯಾರೂ ಕೇಳೋದಿಲ್ಲ, ನಾನೇ ಹಾಕಿದ್ದು.

ಅಮ್ಮನ ದಿನ 4ಕ್ಕೆ ಶುರು, ಅಪ್ಪಯ್ಯ ಎರಡನೇ ಪಾಳಿ ಮುಗಿಸಿ ಬಂದು ಊಟ ಮಾಡಿದ ಮೇಲೆ ಮುಗಿಯೋದು, ಅಂದ್ರೆ ನಡುರಾತ್ರಿ ಕಳೆದು. ನಡುವೆ ಮಧ್ಯಾಹ್ನ 2ರಿಂದ 4 ಒಂದು ಸಂದು ಸಿಗ್ತಿತ್ತು. ಆವಾಗ ಗ್ಯಾಲರಿ ಹೆಂಗಸರದ್ದು. ಬಾಗಿಲ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸೋದು, ತಲೆ ಬಾಚೋದು, ಹೇನು ತೆಗೆಯೋದು, ಸ್ವೆಟರ್ ಹೆಣೆಯೋದು, ಮಾತು. ನೋಡಿದ್ರೆ ಕೈ ಒಂದೂ ಖಾಲಿ ಇಲ್ಲ. ಗಂಡಸರು ಪುರುಸೊತ್ತಲ್ಲಿ ಇಸ್ಪೀಟ್ ಆಡ್ತಾರೆ, ಹೆಂಗಸರು ಪುರುಸೊತ್ತಲ್ಲಿ ಅಕ್ಕಿ ಆರಿಸ್ತಾರೆ. ಅಮ್ಮ ಮರಾಠಿ ಕಲಿತದ್ದು ಈ ಎರಡು ಗಂಟೆಯಲ್ಲೇ, ಶಾಲೆಗೆ ಹೋಗಿ ಅಲ್ಲ. ಎದುರು ರೂಮಿನ ಮಾವಶಿಗೆ ಅಮ್ಮ ನೀರುದೋಸೆ ಹೇಳಿಕೊಟ್ರು, ಅವ್ರು ಅಮ್ಮನಿಗೆ ಥಾಲಿಪೀಠ. ಮಾವಶಿಗೆ ಕೊನೇವರೆಗೂ ನೀರುದೋಸೆ ಬರ್ಲಿಲ್ಲ, ಅದು ಬೇರೆ ವಿಷಯ.

ಹಪ್ಪಳದ ಕತೆ ನಿಮಗೆ ಗೊತ್ತಿರ್ತದೆ, ಲಿಜ್ಜತ್. 1959ರ ಮಾರ್ಚಲ್ಲಿ ಗಿರ್ಗಾಂವ್‌ನ ಒಂದು ಕಟ್ಟಡದ ಟೆರೇಸ್ ಮೇಲೆ ಏಳು ಗುಜರಾತಿ ಹೆಂಗಸರು 80 ರೂಪಾಯಿ ಸಾಲ ತಗೊಂಡು ಹಪ್ಪಳ ಲಟ್ಟಿಸಿದ್ದು. ಅದೂ ಇದೇ ಮಧ್ಯಾಹ್ನದ ಸಂದಿಯಿಂದ ಹುಟ್ಟಿದ್ದು, ಮನೆ ಕೆಲ್ಸ ಆದ ಮೇಲೆ ಉಳಿದ ಹೊತ್ತು. ಅದನ್ನ ಎಲ್ರೂ ಹೊಗಳ್ತಾರೆ, ನಾನೂ ಹೊಗಳ್ತೇನೆ, ಆದ್ರೆ ಆ ಹೊತ್ತಲ್ಲಿ ಅವ್ರು ಸುಮ್ನೆ ಕಾಲು ಚಾಚಿ ಮಲಗಿದ್ರೂ ಯಾರದ್ದೇನು ಹೋಗ್ತಿತ್ತು ಅಂತ ನಂಗೆ ಯಾವಾಗ್ಲೂ ಅನ್ನಿಸ್ತದೆ.

ನಿಜವಾದ ಬಿಡುವು ಅಂದ್ರೆ ಸಂಕ್ರಾಂತಿ ಹಳದಿ ಕುಂಕುಮ, ಮಂಗಳಾಗೌರಿಯ ಆಟ, ಮತ್ತೆ ವರ್ಷಕ್ಕೆ ಎರಡೋ ಮೂರೋ ಸಿನಿಮಾ, ಭಾರತ್‌ಮಾತಾ ಟಾಕೀಸಲ್ಲಿ ಮರಾಠಿ ಪಿಚ್ಚರು. ಗಿರಣಿಯಲ್ಲೇ ಕೆಲ್ಸ ಮಾಡೋ ಹೆಂಗಸರೂ ಇದ್ರು, ಹೆಚ್ಚಾಗಿ ರೀಲಿಂಗ್, ವೈಂಡಿಂಗ್ ಖಾತೆಯಲ್ಲಿ, ಅವ್ರಿಗೆ ಈ ಮಧ್ಯಾಹ್ನದ ಸಂದೂ ಇಲ್ಲ.

ಮಕ್ಕಳು?

ಮಕ್ಕಳು ಮನೆಯಲ್ಲಿ ಇದ್ರೇ ಅಲ್ವಾ? ಊಟಕ್ಕೆ ಮಾತ್ರ ಬರೋದು, ಅದೂ ಯಾರ ಮನೆಯಲ್ಲಿ ಕರೆದ್ರೋ ಅಲ್ಲಿಗೆ. ಲಗೋರಿ, ಗೋಲಿ, ವಿಟ್ಟಿ ದಾಂಡು, ಗಲ್ಲಿ ಕ್ರಿಕೆಟ್, ಮೊದಲ ಮಹಡಿಗೆ ಬಾಲ್ ಹೋದ್ರೆ ಔಟು, ಮುಂಗೋಪಿ ಅಜ್ಜನ ಮನೆಗೆ ಹೋದ್ರೆ ಬಾಲೂ ಔಟು. ಓದೋದು ಬೀದಿ ದೀಪದಡಿ ಅಥವಾ ಟೆರೇಸ್ ಮೆಟ್ಲಲ್ಲಿ. ಹತ್ತು ವರ್ಷ ಆಯ್ತು ಅಂದ್ರೆ ಹುಡುಗಿಯರ ಆಟ ಬಂದ್, ಕೊಡ ಕೈಗೆ.

ಗಣಪತಿ ಹಬ್ಬ ಚಾಳಿಂದಲೇ ಶುರುವಾದದ್ದಾ?

ಸಾರ್ವಜನಿಕ ಗಣಪತಿಗೆ ಲೋಕಮಾನ್ಯ ತಿಲಕರು ಕರೆ ಕೊಟ್ಟದ್ದು 1893ರಲ್ಲಿ, ಮುಂಬೈಯಲ್ಲಿ ಆ ವರ್ಷವೇ ಗಿರ್ಗಾಂವ್‌ನ ಕೇಶವ್‌ಜಿ ನಾಯಕ್ ಚಾಳಲ್ಲಿ ಕೂರಿಸಿದ್ರು, ಈಗಲೂ ಕೂರಿಸ್ತಾರೆ, ಈಗಲೂ ಚಿಕ್ಕ ಮೂರ್ತಿಯೇ. ನಮ್ಮ ಲಾಲ್‌ಬಾಗ್‌ನ ಗಣೇಶ್ ಗಲ್ಲಿ 1928ರದ್ದು, ಎಲ್ರೂ ಟೀವಿಯಲ್ಲಿ ನೋಡೋ ಲಾಲ್‌ಬಾಗ್ ಚಾ ರಾಜಾ 1934ರದ್ದು, ಮಾರ್ಕೆಟ್ಟಿಗೆ ಜಾಗ ಬೇಕು ಅಂತ ಹರಕೆ ಹೊತ್ತ ಮೀನುಗಾರರು, ವ್ಯಾಪಾರಿಗಳು ಶುರು ಮಾಡಿದ್ದು.

ಹತ್ತು ದಿನ ರಸ್ತೆಯೇ ಮನೆ. ರಾತ್ರಿ ರಸ್ತೆಗೆ ಅಡ್ಡ ಬಿಳಿ ಪರದೆ ಕಟ್ಟಿ ಪ್ರೊಜೆಕ್ಟರಲ್ಲಿ ಸಿನಿಮಾ ತೋರಿಸ್ತಿದ್ರು, ಪರದೆಯ ಎರಡೂ ಕಡೆ ಜನ, ನಾವು ಲೇಟಾಗಿ ಹೋಗೋದು, ಹಾಗಾಗಿ ನಂಗೆ ಎಷ್ಟೋ ಹೀರೋಗಳು ಎಡಗೈಯಲ್ಲಿ ಹೊಡೆದಾಡೋರು ಅಂತಲೇ ಬಹಳ ವರ್ಷ ನಂಬಿಕೆ ಇತ್ತು. ಗೋಕುಲಾಷ್ಟಮಿಗೆ ದಹಿ ಹಂಡಿ, ಮೇಲಿನ ಮಹಡಿಯವ್ರು ಬಕೆಟ್ ಬಕೆಟ್ ನೀರು ಸುರಿಯೋರು. 4 ಗಂಟೆಗೆ ಎದ್ದು ಹಿಡಿದ ನೀರು ಅದು, ಅಮ್ಮ ಒಂದು ಚೊಂಬು ಹಾಕಿ ಕೈ ಮುಗಿದು ಒಳಗೆ ಬರ್ತಿದ್ರು.

ರೇಡಿಯೋ, ಟೀವಿ ಎಲ್ರ ಮನೆಯಲ್ಲೂ ಇತ್ತಾ?

ರೇಡಿಯೋ ನಾಲ್ಕು ಮನೆಗೊಂದು. ಬುಧವಾರ ರಾತ್ರಿ 8ಕ್ಕೆ ರೇಡಿಯೋ ಸಿಲೋನಲ್ಲಿ ಅಮೀನ್ ಸಯಾನಿಯ ಹಾಡಿನ ಪ್ರೋಗ್ರಾಂ, ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ನಡೆದು ಹೋದ್ರೂ ಒಂದು ಸಾಲು ತಪ್ಪೋದಿಲ್ಲ. 1957ರಲ್ಲಿ ವಿವಿಧ ಭಾರತಿ ಬಂತು. ಮುಂಬೈ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ಕ್ಕೆ. ನಮ್ಮ ಮಹಡಿಯಲ್ಲಿ ಮೊದಲ ಟೀವಿ ಬಂದದ್ದು ಅದಾಗಿ ಮೂರ್ನಾಲ್ಕು ವರ್ಷಕ್ಕೆ, ಭಾನುವಾರದ ಪಿಚ್ಚರಿಗೆ ಆ ರೂಮಲ್ಲಿ ನಲ್ವತ್ತು ಜನ, ಕಿಟಕಿಯಲ್ಲಿ ಹತ್ತು. ಕೆಲವು ಚಾಳಲ್ಲಿ ತಲೆಗೆ ಹತ್ತು ಪೈಸೆ ತಗೊಳ್ಳೋರೂ ಇದ್ರು. ಟೀವಿ ಮನೆಯ ಹುಡುಗನ ಜೊತೆ ಶನಿವಾರ ಯಾರೂ ಜಗಳ ಆಡ್ತಿರ್ಲಿಲ್ಲ. ಆಮೇಲೆ ಪ್ರತಿ ಮನೆಗೂ ಟೀವಿ ಬಂತು, ಆವಾಗಲೇ ಬಾಗಿಲು ಮುಚ್ಚೋ ಅಭ್ಯಾಸ ಶುರು ಆದದ್ದು, ಅದಕ್ಕೆ ಮುಂಚೆ ಹಗಲಲ್ಲಿ ಬಾಗಿಲು ಹಾಕಿದ್ರೆ ಒಳಗೆ ಯಾರೋ ಹುಷಾರಿಲ್ಲ ಅಂತಲೇ ಅರ್ಥ.

ಹೊಸದಾಗಿ ಮದುವೆ ಆದವ್ರು ಹೇಗೆ?

ಎಲ್ರಿಗೂ ಇದೇ ಕುತೂಹಲ. ಒಂದು ಸೀರೆ ಅಡ್ಡ ಕಟ್ಟೋದು, ಉಳಿದವ್ರು "ಒಳಗೆ ಭಾರಿ ಸೆಕೆ" ಅಂತ ಗ್ಯಾಲರಿಗೆ ಹೋಗೋದು, ಡಿಸೆಂಬರಲ್ಲೂ ಸೆಕೆ. ಪಕ್ಕದ ಮನೆಯವ್ರು ಅತ್ತೆ ಮಾವನನ್ನ ಭಜನೆಗೆ ಎಬ್ಬಿಸ್ಕೊಂಡು ಹೋಗೋರು. ಮಾತಾಡ್ಬೇಕಾದ್ರೆ ಚೌಪಾಟಿ, ಶಿವಾಜಿ ಪಾರ್ಕು. ಇಷ್ಟು ಸಾಕು.

ಚಾಳಲ್ಲಿ ನಮ್ಮ ಕನ್ನಡದವ್ರು ಇದ್ರಾ?

ಇದ್ರು, ಆದ್ರೆ ಗಿರಣಿಗಿಂತ ಹೋಟೆಲಿಗೆ ಬಂದವ್ರು ಜಾಸ್ತಿ. 1956ರ ತನಕ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದವ್ರಿಗೆ ಬೊಂಬಾಯಿಯೇ ರಾಜಧಾನಿ, ನಮ್ಮ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದು, ಆದ್ರೂ ನಾವು ಓಡಿ ಬಂದದ್ದು ಬೊಂಬಾಯಿಗೇ. ಅಪ್ಪಯ್ಯ 50ರ ದಶಕದಲ್ಲಿ ಕುಂದಾಪುರದ ಕಡೆಯಿಂದ ಬಂದು ಹೋಟೆಲಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಬಾಗಿಲು ಹಾಕಿದ ಮೇಲೆ ಟೇಬಲ್ ಜೋಡಿಸಿ ಮಲಗಿ, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಮೆಟ್ರಿಕ್ ತನಕ ಹೋದ್ರು. ಆಮೇಲೆ ಗಿರಣಿ ಕ್ಯಾಂಟೀನಲ್ಲಿ ಕೆಲ್ಸ ಸಿಕ್ಕಿ, ಮದುವೆ ಆಗಿ, ಚಾಳಲ್ಲಿ ರೂಮು. ನಮ್ಮವ್ರ ರಾತ್ರಿ ಶಾಲೆ ಹೋಟೆಲ್ ಮಾಣಿಗಳನ್ನ ವಕೀಲ್ರು, ಬ್ಯಾಂಕ್ ಮ್ಯಾನೇಜರ್ ಮಾಡಿ ಬಿಟ್ಟಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಅವ್ರದ್ದೂ ರಾತ್ರಿ ಹೈಸ್ಕೂಲು ಇತ್ತು. ಮಾಟುಂಗಾದ ಮೈಸೂರ್ ಅಸೋಸಿಯೇಷನ್ 1926, ಮಾಹೀಮ್‌ನ ಕರ್ನಾಟಕ ಸಂಘ 1933. ಮಳೆಗಾಲದಲ್ಲಿ ಊರಲ್ಲಿ ಆಟ ಇರೋದಿಲ್ವಲ್ಲ, ಯಕ್ಷಗಾನದವ್ರು ಆವಾಗ ಇಲ್ಲಿಗೆ ಬರ್ತಿದ್ರು, ಅಪ್ಪಯ್ಯ ಅವತ್ತು ಮಾತ್ರ ಪಾಳಿ ತಪ್ಪಿಸ್ತಿದ್ರು. ಊಟಕ್ಕೆ ಕರೆದ್ಕೊಂಡು ಹೋಗೋದು ಅಂದ್ರೆ ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಬೋರ್ಡಿಂಗು, 1942ರಿಂದ ಇದೆ ಅದು, ಬಾಳೆಎಲೆ ಕಂಡ ಕೂಡ್ಲೇ ಅಪ್ಪಯ್ಯನ ಮುಖವೇ ಬೇರೆ.

ಬಾಡಿಗೆ ಎಷ್ಟಿತ್ತು?

1947ರ ಬಾಡಿಗೆ ಕಾನೂನಿಂದ ಬಾಡಿಗೆ ಅಲ್ಲಲ್ಲೇ ನಿಂತು ಹೋಯ್ತು, ಎಷ್ಟೋ ವರ್ಷ ಆದ್ರೂ ಎರಡಂಕಿ ದಾಟ್ಲಿಲ್ಲ. ಹೊಸಬರು ಬರ್ಬೇಕಾದ್ರೆ ಪಗಡಿ ಅಂತ ದೊಡ್ಡ ಮೊತ್ತ. ಮಾಲೀಕನಿಗೆ ಆ ಬಾಡಿಗೆ ರಿಪೇರಿಗೂ ಸಾಲದು, ಅವ್ನು ಮಾಡಿಸೋದೂ ಇಲ್ಲ, ಮರದ ಕಂಬ ಗೆದ್ದಲು ಹಿಡಿದು, ಮಳೆಗಾಲ ಬಂದ್ರೆ ಯಾವ ಗ್ಯಾಲರಿ ಯಾವತ್ತು ಕೂರ್ತದೋ ಅಂತ ಭಯ.

ಎಲ್ಲ ಯಾಕೆ ಮುಗೀತು?

1982ರ ಜನವರಿ 18. ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರಕ್ಕೆ ಇಳಿದ್ರು. ಮುಗೀತು ಅಂತ ಯಾರೂ ಇವತ್ತಿನವರೆಗೆ ಘೋಷಣೆ ಮಾಡಿಲ್ಲ. ಮೊದಲ ತಿಂಗಳು ಹಬ್ಬದ ಹಾಗೆ ಇತ್ತು, ಗಂಡಸರೆಲ್ಲ ಮನೆಯಲ್ಲಿ, ಕೇರಂ ಹಗಲಿಡೀ. ಮೂರನೇ ತಿಂಗಳಿಗೆ ಭೋಂಗಾ ಇಲ್ಲದ ಬೆಳಗ್ಗೆ ಅಭ್ಯಾಸ ಆಯ್ತು, ಆರನೇ ತಿಂಗಳಿಗೆ ಗಾಳಾಗಳು ಖಾಲಿ, ಖಾನಾವಳಿ ಹೆಂಗಸರು ತಾಮ್ರದ ಹಂಡೆ ಮಾರೋಕೆ ಶುರು ಮಾಡಿದ್ರು. ಮನೆ ನಡೆಸಿದ್ದು ಹೆಂಗಸರೇ, ಹಪ್ಪಳ, ಮನೆಗೆಲ್ಸ, ರಸ್ತೆ ಬದಿ ವಡಾಪಾವ್. ಗಂಡಸರಿಗೆ ಪುರುಸೊತ್ತೇ ಪುರುಸೊತ್ತು, ಮತ್ತೆ ಅದನ್ನ ಎಂತ ಮಾಡ್ಬೇಕು ಅಂತ ಗೊತ್ತಿಲ್ಲ. ಅಪ್ಪಯ್ಯನ ಕ್ಯಾಂಟೀನೂ ಮುಚ್ತು, ಮತ್ತೆ ಹೋಟೆಲ್ ಗಲ್ಲಾಕ್ಕೆ ಹೋಗಿ ಕೂತ್ರು. 1991ರಲ್ಲಿ ಕಾನೂನು ಬದಲಾಗಿ ಗಿರಣಿ ಜಾಗ ಮಾರೋದಕ್ಕೆ ದಾರಿ ಆಯ್ತು, ಆಮೇಲಿಂದು ನೀವು ನೋಡ್ತಿದ್ದೀರಲ್ಲ, ಲೋವರ್ ಪರಳ್‌ನ ಮಾಲು, ಗಾಜಿನ ಆಫೀಸು.

ಈಗ ಹೋದ್ರೆ ನೋಡ್ಲಿಕ್ಕೆ ಸಿಗ್ತದಾ?

ಸಿಗ್ತದೆ, ಬೇಗ ಹೋಗಿ. ಬಿಡಿಡಿ ಚಾಳ್ ಕೆಡವಿ ಟವರ್ ಕಟ್ತಿದ್ದಾರೆ, 160 ಚದರಡಿಯವ್ರಿಗೆ 500 ಚದರಡಿ ಫ್ಲ್ಯಾಟು, ವರ್ಲಿಯಲ್ಲಿ 2025ರಲ್ಲಿ ಮೊದಲ ಕಂತಿನ ಬೀಗದ ಕೈ ಕೊಟ್ಟಾಯ್ತು. ಗಿರ್ಗಾಂವ್, ಲಾಲ್‌ಬಾಗ್‌ನಲ್ಲಿ ಮರದ ಗ್ಯಾಲರಿಯ ಚಾಳುಗಳು ಇನ್ನೂ ಅಲ್ಲಲ್ಲಿ ಇವೆ. ಜನ ಇರೋ ಮನೆ ಅದು, ಫೋಟೋ ತೆಗೆಯೋ ಮುಂಚೆ ಕೇಳಿ, ಕೇಳಿದ್ರೆ ಚಾ ಕೂಡ ಕೊಡ್ತಾರೆ.

ಮತ್ತೆ ಅಲ್ಲಿಗೇ ಹೋಗಿ ಇರ್ಬೇಕು ಅಂತ ಅನ್ನಿಸೋದಿಲ್ವಾ?

ಅಣ್ಣನಿಗೆ ಅನ್ನಿಸ್ತದೆ. ಈಗ ಡೊಂಬಿವಿಲಿಯಲ್ಲಿ ಎರಡು ಬೆಡ್‌ರೂಮ್ ಫ್ಲ್ಯಾಟು, ಪಕ್ಕದ ಮನೆಯವ್ರ ಹೆಸರು ಗೊತ್ತಿಲ್ಲ, ಭಾನುವಾರ ಬಂದಾಗೆಲ್ಲ ಚಾಳು, ಕೇರಂ, ಗಣಪತಿ ಅಂತ ಒಂದು ಗಂಟೆ ಮಾತಾಡ್ತಾನೆ. ಹೋದ ವರ್ಷ ಹೀಗೇ ಶುರು ಮಾಡಿದ್ದ, ಅಮ್ಮ ಅಡುಗೆ ಮನೆಯಿಂದಲೇ ಹೇಳಿದ್ರು, "ಹೋಗು ಮಗಾ, ನೀನೇ ಹೋಗು, ನೀರಿಗೆ 4ಕ್ಕೆ ಏಳ್ಬೇಕು, ಅಲಾರಂ ಇಟ್ಕೊ."